ತಟ್ಟೆಯಲ್ಲಿಲ್ಲದ ಚರಣ

ಕಸೋಂದೆ,

ಸತ್ತು ಆರು ವರ್ಷವಾದವಳಿಗೆ ಕಾಗದ ಬರೀತಾಳೆ ಅಂತ ನಗಬೇಡ ಕಣೇ. ಬೆಳಿಗ್ಗೆ ರೇಡಿಯೊದವರು, ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಂದೇ ಹಾಡಿಗೆ ಹೆಸರಾಗಿ ಮರೆಯಾದವಳು ಅಂತ ನಿನ್ನ ಗ್ರಾಮಫೋನ್ ತಟ್ಟೆ ಹಾಕಿದರು. ಗೆಳತಿಯರು ನಾವಿಬ್ಬರೂ ಕೂಡಿ ಕಟ್ಟಿದ ಹಾಡು. ಕಿಟ್ವೆ ಪಟ್ಟಣಕ್ಕೆ ಹೋಗಿ ತಟ್ಟೆಗೆ ಹಾಡಿದವಳು ನೀನೊಬ್ಬಳೇ. ತಟ್ಟೆಯಲ್ಲಿ ಜಾಗ ಸಾಲದೆ ಕೊನೆಯ ಚರಣ ಬಿಟ್ಟೆಯಂತೆ. ಅದನ್ನು ನಾನು ಯಾರೆದುರೂ ಗುನುಗಿದವಳಲ್ಲ.

ರೇಡಿಯೊ ನಿಂತಿತು. ಅಂಗಳದಲ್ಲಿದ್ದ ನನ್ನ ನಾಲ್ಕು ವರ್ಷದ ಮೊಮ್ಮಗಳು ಮ್ವಾಪೆ ಆ ಚರಣ ಹಾಡಿ ಮುಗಿಸಿದಳು.

"ಯಾರೇ ಹೇಳ್ಕೊಟ್ಟಿದ್ದು, ಕಳ್ಳಿ?"

"ನಾವಿಬ್ರೇ ಕಟ್ಟಿದ್ದಲ್ವೇನೇ?"

ಅವಳು ಹುಟ್ಟುವಾಗ ಸತ್ತವರ ಹೆಸರುಗಳನ್ನು ಕೂಗಿದವಳು ನಾನೇ. ನಮ್ಮಲ್ಲಿ ಯಾವ ಹೆಸರಿಗೆ ಕೂಸು ಹೊರಬರುತ್ತದೋ ಅವರೇ ಮರಳಿದಂತೆ. ನನ್ನ ಬಿಟ್ಟು ಹೋಗಿ ಹಾಡಿದ ಸಿಟ್ಟಿಗೆ ನಿನ್ನ ಹೆಸರನ್ನು ಮಾತ್ರ ಬೇಕೆಂದೇ ನುಂಗಿದ್ದೆ.

ಈಗ ಗಂಜಿಗೆ ಮ್ವಾಪೆ, ಮ್ವಾಪೆ ಎಂದು ಕರೆದೆ; ತಿರುಗಲಿಲ್ಲ. ಮೆಲ್ಲಗೆ ಕಸೋಂದೆ ಎಂದೆ. ಬಂದು ಮಡಿಲಲ್ಲಿ ಕೂತಳು.

"ಹೆಸರು ಕರೆಯೋಕೆ ಎಷ್ಟು ವರ್ಷ ಕಾಯಿಸ್ತೀಯೇ?" ಅಂದಳು.