ಮೂರು ಕಂಪ್ಯೂಟರು, ಒಂದು ಹಸಿರು

ಬಣ್ಣದಂಗಡಿಯ ಹಿಂದಿನ ಕೋಣೆ
ಮೇ ೧೧, ಭಾನುವಾರ

ಪ್ರೀತಿಯ ತಂಗಿ ಬ್ರಷ್ಷಮ್ಮನಿಗೆ,

ಹೇಗಿದ್ದೀಯೆ? ದೀಪಸ್ತಂಭದ ನೆತ್ತಿ ಮುಟ್ಟಿದೆಯೋ, ಇನ್ನೂ ಅದರ ಸೊಂಟದ ಹತ್ತಿರವೇ ಬಣ್ಣ ಬಳಿಯುತ್ತಿದ್ದೀಯೋ? ಹಗ್ಗ ಬಿಗಿಯಾಗಿ ಕಟ್ಟಿಕೋ, ಗಾಳಿಯ ಜೊತೆ ಜಿದ್ದಿಗೆ ಬೀಳಬೇಡ. ಫೋನು ಸಿಗದ ದ್ವೀಪ, ವಾರಕ್ಕೊಂದೇ ದೋಣಿ, ಹಾಗಾಗಿ ಈ ಕಾಗದವೇ ಗತಿ. ಅಪ್ಪ ಚೆನ್ನಾಗಿದ್ದಾನೆ. ಆಪರೇಷನ್ ಆಗಿ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಮಂಜು. ಆದರೂ ನಾನು ಡಬ್ಬಿಯ ಮುಚ್ಚಳ ಸರಿಯಾಗಿ ಹಾಕಿಲ್ಲವೆಂಬುದನ್ನು ಕುರ್ಚಿಯಲ್ಲಿ ಕೂತೇ ವಾಸನೆಯಿಂದ ಪತ್ತೆ ಹಚ್ಚುತ್ತಾನೆ.

ಇನ್ನು ನೀನು ಒಪ್ಪಿಸಿ ಹೋದ ಕೆಲಸ. ಶಾಲೆಯ ಗೋಡೆ ಅರ್ಧ ಹಸಿರು, ಅರ್ಧ ಬೋಳಾಗಿ ನಿಂತಿದೆ. ರಜೆ ಮುಗಿಯುವುದರೊಳಗೆ ಉಳಿದರ್ಧಕ್ಕೂ ಅದೇ ಹಸಿರು ಬರಬೇಕು. ಒಂದು ಹನಿ ಹೆಚ್ಚುಕಡಿಮೆಯಾದರೂ ಹೆಡ್‌ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸುತ್ತಾರೆ. ಅಂಗಡಿಯ ಇನ್ನೂರ ಹನ್ನೆರಡು ಬಣ್ಣಗಳ ಬೆರಕೆಯ ಲೆಕ್ಕವೆಲ್ಲ ನಿನ್ನ ಪ್ರೋಗ್ರಾಮಿನಲ್ಲಿದೆ, ಆ ಪ್ರೋಗ್ರಾಮು ಹಳೆಯ ಲ್ಯಾಪ್‌ಟಾಪಿನಲ್ಲಿದೆ, ಅದು ಓಡಬೇಕಾದರೆ ಯಂತ್ರದಲ್ಲಿ ಪೈಥಾನ್ ಎಂಬ ತಂತ್ರಾಂಶ ಇರಬೇಕು. "ಒಂದು ಕೈಕೊಟ್ರೆ ಇನ್ನೊಂದಿರ್ಲಿ, ಮೂರು ಕಂಪ್ಯೂಟರಿಗೂ ಹೊಸ ಪೈಥಾನ್ ಹಾಕಣ್ಣ" ಎಂದು ಚೀಟಿ ಬರೆದಿಟ್ಟು ಹೋದೆ. ಹಾಕಿದೆ.

ಮೊದಲು ಗಲ್ಲಾದ ಮೇಲಿನ ವಿಂಡೋಸ್. ನಾನು ಡಿಗ್ರಿ ಮಾಡಿದ ಹಾಗೆಯೇ, ಏನೂ ಓದದೆ ಮುಂದೆ ಮುಂದೆ ಎಂದು ಒತ್ತುತ್ತಾ ಹೋದೆ. ಕೊನೆಗೆ ಪೈಥಾನನ್ನು ಕರೆದರೆ, ಅದು ಯಾರು ಎಂಬಂತೆ ಮುಖ ಮಾಡಿತು. ಮೊದಲ ಪುಟದ ಬುಡದಲ್ಲಿ ಪುಟ್ಟ ಚೌಕವೊಂದಿತ್ತಂತೆ. ಪೈಥಾನಿನ ಮನೆ ಎಲ್ಲಿದೆಯೆಂದು ಯಂತ್ರಕ್ಕೆ ತಿಳಿಯಲು ಅಲ್ಲಿ ಗುರುತು ಹಾಕಬೇಕಿತ್ತಂತೆ. ಟಿಕ್ಕು ಹಾಕದೆ ಮುಂದೆ ಹೋದೆ, ದಿಕ್ಕು ಕಾಣದೆ ಹಿಂದೆ ಬಂದೆ. (ಇದನ್ನು ನಿನ್ನ ಅತ್ತಿಗೆಗೆ ಓದಿ ಹೇಳಿದೆ. ಎದ್ದು ಹೋದಳು.) ಎರಡನೆಯದು ಅವಳದೇ ಮ್ಯಾಕ್. ಪೈಥಾನ್ ಸಲೀಸಾಗಿ ಇಳಿಯಿತು, ಆದರೆ ಕರೆದರೆ ಓಗೊಡದು. ಬಾಲಕ್ಕೆ ಮೂರು ಎಂಬ ಅಂಕಿ ಸೇರಿಸಿ ಕರೆದ ಮೇಲಷ್ಟೇ ಎದ್ದು ಬಂತು. ಸಾಹೇಬರನ್ನು ಬರೀ ಹೆಸರು ಹಿಡಿದು ಕೂಗಿದ್ದೆನಲ್ಲ. ಮೂರನೆಯದು ನೀನು ಲಿನಕ್ಸ್ ಹಾಕಿಕೊಟ್ಟ ಆ ಹಳೆಯ ಲ್ಯಾಪ್‌ಟಾಪು. ಅದರಲ್ಲಿ ಪೈಥಾನ್ ಮೊದಲೇ ಇತ್ತು, ಸ್ವಲ್ಪ ಹಳೆಯದು. ಅಪ್ಪ ನಮ್ಮಿಬ್ಬರಿಗೂ ಕಲಿಸಿದ್ದೇನು? ಹಳೆಯ ಬಣ್ಣ ಕೆರೆಯದೆ ಹೊಸದು ಹಚ್ಚಬಾರದು. ಹಾಗೆಯೇ ಮಾಡಿದೆ.

ಅತ್ತಿಗೆ ಕೇಳಿದಳೆಂದು ಹೇಳಲು ಹೇಳಿದ್ದಾಳೆ. ಅಪ್ಪನ ಆಶೀರ್ವಾದ. ಬಣ್ಣ ಗೋಡೆಗಿರಲಿ, ಬಲ ಕಾಲಿಗಿರಲಿ.

ಇಂತಿ,
ಕೆಳಗೆ ನಿಂತು ಏಣಿ ಹಿಡಿಯುವ ನಿನ್ನ ಅಣ್ಣ

ತಾ.ಕ.: ದೋಣಿಯವನು ಬಾಗಿಲಲ್ಲಿ ನಿಂತಿದ್ದಾನೆ. ಹಳೆಯ ಪೈಥಾನನ್ನು ಕೆರೆದೊಡನೆ ಲ್ಯಾಪ್‌ಟಾಪಿನ ಪರದೆಯೂ ಅದರ ಹಿಂದೆಯೇ ಹೋಯಿತು; ಆ ಲಿನಕ್ಸ್ ಆ ಹಳೆಯ ಪೈಥಾನಿನ ಮೇಲೇ ನಿಂತಿತ್ತಂತೆ. ಗುರುವಾರದಿಂದ ಬರೀ ಕಪ್ಪು. ಬಣ್ಣದ ಲೆಕ್ಕವನ್ನು ಉಳಿದೆರಡಕ್ಕೆ ನಾನಿನ್ನೂ ಇಳಿಸಿರಲಿಲ್ಲ. ಅಪ್ಪನಿಗೂ ಹೇಳಿರಲಿಲ್ಲ. ಈಗಷ್ಟೇ ಕಾಗದ ಓದಿ ಹೇಳು ಎಂದ. ಸಹಿಯವರೆಗೆ ಓದಿ ನಿಲ್ಲಿಸಿದೆ. "ಮೂರು ದಿನದಿಂದ ಆ ಡಬ್ಬದ ಫ್ಯಾನ್ ಸದ್ದಿಲ್ಲ. ನಾನು ಕೆರೆಯೋಕೆ ಹೇಳಿದ್ದು ಬಣ್ಣಾನ ಕಣೋ, ಗೋಡೇನಲ್ಲ" ಎಂದ. ಇನ್ನೂರ ಹನ್ನೊಂದು ಬಣ್ಣ ಅವನಿಗೆ ಬಾಯಿಪಾಠವಂತೆ. "ಆ ಶಾಲೆ ಹಸಿರೊಂದು ನಂಗೊತ್ತಿಲ್ಲ. ಅದು ಅವಳು ಬೆರೆಸಿದ್ದು. ಅವಳನ್ನೇ ಕೇಳು" ಎಂದ.

ಕೇಳುತ್ತಿದ್ದೇನೆ, ತಾಯಿ.