ಹೊಸಿಲ ಮೇಲಿನ ಏಳು ರೊಟ್ಟಿ

ಬೀರ್ ಝೈತೂನ್,
ಭಾನುವಾರ

ತಮ್ಮ ತಿಜಾನಿ,

ನಿನ್ನ ಆತ್ಮಕಥೆಯ ಕರಡು ತೂನಿಸ್‌ನಿಂದ ಬಂದು ತಲುಪಿತು. ಅಚ್ಚಿಗೆ ಹೋಗುವ ಮುಂಚೆ ಓದಿ ತಪ್ಪಿದ್ದರೆ ಹೇಳು ಎಂದಿದ್ದೀಯ. ಮೇಷ್ಟರಾಗಿದ್ದಕ್ಕೆ ಹದಿನೆಂಟು ಪುಟ, ಹದಿನಾಲ್ಕು ತಿಂಗಳ ಪ್ರಧಾನಿಗಿರಿಗೆ ನೂರಿಪ್ಪತ್ತು. ಅಮ್ಮನಿಗೆ ಒಂದೂವರೆ. ಇರಲಿ, ಅವಳು ಯಾವತ್ತೂ ಜಾಗ ಕೇಳಿದವಳಲ್ಲ.

ನೀನು ತೆರೆಸಿದ ಶಾಲೆಗಳ ಬಗ್ಗೆ ಓದಿ ಹೆಮ್ಮೆಪಟ್ಟೆ. ರೊಟ್ಟಿಯ ಬೆಲೆ ದುಪ್ಪಟ್ಟು ಮಾಡಿದ್ದು ಅಧ್ಯಕ್ಷರ ಹಟ, ಸಹಿ ಮಾತ್ರ ನನ್ನದು ಎಂದಿದ್ದೀಯ. ನಂಬುತ್ತೇನೆ. ಆದರೆ ಆ ಬೆಲೆಗೆ ಜನ ರೊಚ್ಚಿಗೆದ್ದ ಗಲಭೆಯ ದಿನ ನಮ್ಮ ಮನೆಯನ್ನು ಪೊಲೀಸರು ಉಳಿಸಿದರು ಎಂದು ಬರೆದಿದ್ದೀಯಲ್ಲ, ಅದು ಸುಳ್ಳು. ತಪ್ಪು ನಿನ್ನದಲ್ಲ, ಒಂಬತ್ತು ವರ್ಷ ಬಾಯಿ ಬಿಡದೆ ಇದ್ದವಳು ನಾನು.

ಪೊಲೀಸರು ಅವತ್ತು ಮಾರುಕಟ್ಟೆಯಲ್ಲಿದ್ದರು. ಅಲ್ಲಿ ಅವರ ಗುಂಡು ತಗುಲಿ ಎದುರುಮನೆ ಹ್ಮೀದಾ ಚಿಕ್ಕಪ್ಪನ ಮಗ ಲಸ್ಸಾದ್ ಸತ್ತ. ಜನ ಸೀಮೆಎಣ್ಣೆ ಡಬ್ಬ ಹಿಡಿದು ನೇರ ನಮ್ಮ ಬಾಗಿಲಿಗೆ ಬಂದರು. ನಾನು ಅಗುಳಿ ಹಾಕಲು ಓಡಿದೆ. ಅಮ್ಮ ನನ್ನನ್ನು ಪಕ್ಕಕ್ಕೆ ತಳ್ಳಿ ಬಾಗಿಲನ್ನು ಪೂರ್ತಿ ತೆರೆದಳು. ಆಗಷ್ಟೇ ಮಣ್ಣಿನ ಒಲೆಯಿಂದ ತೆಗೆದ ಏಳು ರೊಟ್ಟಿಗಳನ್ನು ಹೊಸಿಲುದ್ದಕ್ಕೂ ಸಾಲಾಗಿ ಇಟ್ಟಳು.

"ಬನ್ರಪ್ಪಾ, ತುಳ್ಕೊಂಡು ಬನ್ನಿ" ಅಂದಳು.

ದಾರಿಯಲ್ಲಿ ಒಂದು ಚೂರು ಬಿದ್ದಿದ್ದರೂ ಎತ್ತಿ, ಮುತ್ತಿಟ್ಟು, ಗೋಡೆಯ ಮೇಲಿಡುವ ಜನ ನಾವು. ಯಾರೂ ಕಾಲೆತ್ತಲಿಲ್ಲ. ಕೊನೆಗೆ ಹ್ಮೀದಾ ಚಿಕ್ಕಪ್ಪ, ಅಂಗಿಯ ಮೇಲೆ ಮಗನ ರಕ್ತ ಇನ್ನೂ ಒಣಗಿರಲಿಲ್ಲ, ಬಗ್ಗಿ ಒಂದೊಂದೇ ರೊಟ್ಟಿ ಎತ್ತಿದ. ಮುತ್ತಿಟ್ಟು ಕಟ್ಟೆಯ ಮೇಲೆ ಜೋಡಿಸಿದ. ಈಗ ಹೊಸಿಲು ಖಾಲಿ, ಯಾರು ಬೇಕಾದರೂ ನುಗ್ಗಬಹುದಿತ್ತು. ಅವನು ಅಮ್ಮನ ಮುಖ ನೋಡಿದ.

"ರೊಟ್ಟಿ ತುಳಿಯೋದು ನಿನ್ ಮಗನ ಕೆಲ್ಸ, ಅತ್ತಿಗೆ. ನಮ್ದಲ್ಲ."

ಅಷ್ಟು ಹೇಳಿ ಜನರನ್ನು ಕರೆದುಕೊಂಡು ಹೊರಟುಹೋದ.

ಆ ಮಾತು ನಿನ್ನ ಕಿವಿಗೆ ಬೀಳಬಾರದೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಹೋದ ಚಳಿಗಾಲ ಅವಳ ಜೊತೆ ಆಣೆಯೂ ಮಣ್ಣು ಸೇರಿತು. ಊರಿಗೆ ಮುಖ ತೋರಿಸಲಾರೆ ಎಂದು ನೀನು ಮಣ್ಣಿಗೂ ಬರಲಿಲ್ಲ. ನಿನ್ನ ಜಾಗದಲ್ಲಿ ನಿಂತು ಮೊದಲು ಹೆಗಲು ಕೊಟ್ಟವನು ಅದೇ ಚಿಕ್ಕಪ್ಪ. ನನಗೆ ನಿನ್ನ ಮೇಲೆ ಬಂದ ಸಿಟ್ಟು ಇನ್ನೂ ಆರಿಲ್ಲ.

ನಿನ್ನೆ ಅವನು ಬಾಗಿಲಲ್ಲಿ ನಿಂತು ಕೇಳಿದ: "ನಿನ್ ತಮ್ಮ ಏನೋ ದೊಡ್ಡ ಪುಸ್ತಕ ಬರೀತಿದಾನಂತಲ್ಲ ಮಗಳೇ. ನಮ್ ಲಸ್ಸಾದ್ ಇದಾನಾ ಅದ್ರಲ್ಲಿ?"

ಅಷ್ಟು ಪುಟಗಳಲ್ಲಿ ಆ ಹೆಸರು ಒಂದು ಕಡೆಯೂ ಇಲ್ಲ, ತಿಜಾನಿ. ಇನ್ನೂ ಓದಿ ಮುಗಿಸಿಲ್ಲ ಚಿಕ್ಕಪ್ಪ ಅಂತ ಸುಳ್ಳು ಹೇಳಿದೆ. ಅವನಿಗೆ ಎಂಬತ್ತು ದಾಟಿದೆ, ಕಾಯಲು ಹೆಚ್ಚು ದಿನಗಳಿಲ್ಲ.

ಪುಟ ತಿದ್ದು. ಆದರೆ ಅಲ್ಲೇ ಮೇಜಿನ ಮುಂದೆ ಕೂತು ತಿದ್ದಬೇಡ. ಊರಿಗೆ ಬಾ, ಮೊದಲು ಎದುರುಮನೆಗೆ ಹೋಗು. ಬೈದರೆ ಬೈಸಿಕೋ. ಆಮೇಲೆ ಬರೆ.

ನಮ್ಮ ಹೊಸಿಲ ಮೇಲೆ ಈಗ ಏನೂ ಇಲ್ಲ, ದಾಟಿ ಬರಬಹುದು. ಅವನ ಹೊಸಿಲು ದಾಟಲು ಅಲ್ಲಾಹು ನಿನ್ನ ಕಾಲಿಗೆ ಬಲ ಕೊಡಲಿ.

ದಾರಿ ಕಾಯುವ ಅಕ್ಕ,
ಮನ್ನೂಬಿಯಾ