ಮೂರನೇ ಚರಣಕ್ಕೆ ಮುಂಚೆ

ಜೂನ್ 3, ಮಂಗಳವಾರ. ಮಧ್ಯಾಹ್ನ 1.40

ಊಟದ ಬಿಡುವು. ಅಂಗಡಿಯಲ್ಲಿ ಯಾರೂ ಇಲ್ಲ. ಗೋಡೆ ತುಂಬ ಕನ್ನಡಕದ ಫ್ರೇಮುಗಳು, ಎಲ್ಲವೂ ನನ್ನನ್ನೇ ನೋಡುತ್ತಿವೆ. ಟ್ಯಾಬ್ ತೆಗೆದು ಮತ್ತೆ ಅದೇ ಕೆಲಸ — ಪರದೆಯ ಚೌಕಗಳಲ್ಲಿ ಬೆರಳಿನಿಂದ ಒಂದೊಂದೇ ಡ್ರಮ್ ಪೆಟ್ಟು ಇಡುವುದು. ಪ್ಲೇ ಒತ್ತಿದರೆ ಹೊಲಿಗೆ ಯಂತ್ರ ಓಡಿದ ಹಾಗೆ ಕೇಳುತ್ತದೆ. ಅಳಿಸು. ಮತ್ತೆ ಇಡು. ಮೂರು ದಿನದಿಂದ ಇದೇ.

ಯಾಕೆ ಮಾಡುತ್ತಿದ್ದೇನೆ ಎಂದು ಇಲ್ಲಾದರೂ ಬರೆಯಬೇಕು. ಶನಿವಾರ ಹೋಟೆಲಿನಲ್ಲಿ ಶೋ ಮುಗಿದ ಮೇಲೆ ಮಾಸ್ಟರ್ ಪಕ್ಕಕ್ಕೆ ಕರೆದರು. ನಮ್ಮ ಬ್ಯಾಂಡಿನ ಯಜಮಾನರು, ಗಿಟಾರ್ ಅವರದ್ದೇ. ಹೋಟೆಲಿನವರು ವೇದಿಕೆಯ ಅರ್ಧ ಜಾಗಕ್ಕೆ ಎರಡು ಟೇಬಲ್ ಹಾಕುತ್ತಾರಂತೆ. ಡ್ರಮ್ ಸೆಟ್ ಹಿಡಿಸುವುದಿಲ್ಲ. ಊಟ ಮಾಡುವವರಿಗೆ ಸದ್ದೂ ಜಾಸ್ತಿಯಂತೆ.

"ಹನ್ನೊಂದು ಹಾಡಿಗೂ ಡ್ರಮ್ಸ್ ಟ್ಯಾಬ್‌ಗೆ ಹಾಕ್ಬಿಡಮ್ಮ. ಇಪ್ಪತ್ತೊಂದಕ್ಕೆ ರೆಡಿ ಇರ್ಲಿ. ನಿಮ್ಮ ಭಾವನಿಗೆ ನಾನೇ ಹೇಳ್ತೀನಿ. ಅಲ್ಲೀವರೆಗೂ ಬಾಯಿ ಬಿಡ್ಬೇಡ."

ಡ್ರಮ್ಸ್ ಬಾರಿಸುವವರು ಭಾವ. ಅಕ್ಕನ ಗಂಡ. ಹಗಲು ಶಾಲೆಯ ಬಸ್ ಓಡಿಸುತ್ತಾರೆ, ಶನಿವಾರ ಸಂಜೆ ಮಾತ್ರ ರಾಜ. ನನಗೆ ತಾಳ ಹೇಳಿಕೊಟ್ಟವರು, ಕೀಬೋರ್ಡ್ ಹಿಡಿಸಿ ಬ್ಯಾಂಡಿಗೆ ಸೇರಿಸಿದವರು. "ಆಗಲ್ಲ" ಅನ್ನಬೇಕಿತ್ತು. "ನೋಡ್ತೀನಿ ಮಾಸ್ಟರ್" ಅಂದೆ.

ಜೂನ್ 5, ಗುರುವಾರ. ಸಂಜೆ 7

ಮಾಸ್ಟರ್‌ಗೆ ಎರಡು ಹಾಡು ಕೇಳಿಸಿದೆ. ಇಯರ್‌ಫೋನ್ ಕಿತ್ತು ಕೈಗೆ ಕೊಟ್ಟರು.

"ತಾಳ ಇದೆ. ಜೀವ ಇಲ್ಲ. ಹೀಗಾದ್ರೆ ಹೋಟೆಲ್‌ನೋರು ಪೆನ್‌ಡ್ರೈವ್ ಹಾಕ್ಕೋತಾರೆ, ನಾಲ್ಕೂ ಜನ ಮನೇಲಿ ಕೂರ್ಬೇಕಾಗುತ್ತೆ."

ನಾಲ್ಕನೆಯವರು ನಮ್ಮ ಗಾಯಕಿ. ರೇಡಿಯೋ ಎಂದು ಹೆಸರಿಟ್ಟಿದ್ದೇವೆ — ಒಮ್ಮೆ ಶುರುವಾದರೆ ನಿಲ್ಲುವುದಿಲ್ಲ. ಎಲ್ಲಿ ಶುರು ಮಾಡಬೇಕು ಎಂಬುದೇ ಆಕೆಗೆ ಮರೆಯುತ್ತದೆ. ಐದನೇ ಹಾಡಿನ ಮೂರನೇ ಚರಣಕ್ಕೆ ಮುಂಚೆ ಪ್ರತಿ ವಾರವೂ ಕಕ್ಕಾಬಿಕ್ಕಿ. ಆಗ ಭಾವ ಡ್ರಮ್ಮಿನ ಅಂಚಿಗೆ ಕೋಲಿನಿಂದ ಮೆಲ್ಲಗೆ ಟಕ್-ಟಕ್ ಅನ್ನಿಸುತ್ತಾರೆ. ಆಕೆ ಎಚ್ಚೆತ್ತು ಹಾಡುತ್ತಾರೆ. ಹದಿಮೂರು ವರ್ಷದಿಂದ ಹೀಗೇ.

ಮನೆಗೆ ಬರುವಾಗ ಬಸ್ಸಿನಲ್ಲಿ ಒಂದು ಯೋಚನೆ ಹೊಳೆಯಿತು. ಒಳ್ಳೆಯ ಯೋಚನೆಯಲ್ಲ. ವಾದ್ಯ ರಿಪೇರಿಯವರ ಹತ್ತಿರ ರಬ್ಬರ್ ಪ್ಯಾಡಿನ ಡ್ರಮ್ ಇದೆ, ವೈರು ಹಾಕಿದರೆ ಟ್ಯಾಬ್‌ಗೆ ಸೇರುತ್ತದೆ. ಭಾವನೇ ಬಂದು ಅದರ ಮೇಲೆ ಬಾರಿಸಿದರೆ... ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಗಾದೆ ಹೇಳಿ ಮನಸ್ಸಿಗೆ ಸಮಾಧಾನ ಮಾಡಿಕೊಳ್ಳುವುದು ಎಷ್ಟು ಸುಲಭ.

ಜೂನ್ 8, ಭಾನುವಾರ. ಸಂಜೆ 5

ಬಂದರು. ಅಕ್ಕನೂ ಬಂದಳು.

"ಹೊಸ ಆ್ಯಪ್ ಕಲೀತಿದ್ದೀನಿ ಭಾವ. ಸುಮ್ನೆ ಪ್ರಾಕ್ಟೀಸಿಗೆ" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು.

ರಿಪೇರಿಯವರಿಂದ ತಂದಿಟ್ಟ ಪ್ಯಾಡ್ ಮುಟ್ಟಿ ಮೂಗು ಮುರಿದರು. "ಇದೇನಿದು, ಚಪ್ಪಲಿಗೆ ಹೊಡೆದಂಗಿದೆ." ಆಮೇಲೆ ಬಿಡಲಿಲ್ಲ. ಎರಡು ಗಂಟೆ ಹೊತ್ತು. ಹನ್ನೊಂದೂ ಹಾಡು. ಅಂಗಿ ಬೆನ್ನಿಗೆ ಅಂಟಿತ್ತು. "ತಾಳು, ಇದು ಸರಿ ಬರ್ಲಿಲ್ಲ, ಇನ್ನೊಂದ್ಸಲ" ಎಂದು ಅವರೇ ಕೇಳಿ ಕೇಳಿ ಬಾರಿಸಿದರು. ಪರದೆಯ ಮೇಲೆ ಪೆಟ್ಟುಗಳು ಚುಕ್ಕಿ ಚುಕ್ಕಿಯಾಗಿ ಬೀಳುತ್ತಿದ್ದವು.

"ಇದ್ರೊಳಗೆ ಇರೋದು ನನ್ನ ಸೌಂಡಾ?"

"ಸೌಂಡ್ ಅಲ್ಲ ಭಾವ. ಯಾವಾಗ ಹೊಡೆದ್ರಿ, ಎಷ್ಟು ಜೋರಾಗಿ ಹೊಡೆದ್ರಿ, ಅಷ್ಟೇ. ಮಿಡಿ ಅಂತಾರೆ. ಸೌಂಡ್ ಆಮೇಲೆ ಬೇಕಾದ್ದು ಹಾಕ್ಬೋದು."

"ಅಂದ್ರೆ ನನ್ನ ಕೈ."

"ಹೂಂ."

"ಎಷ್ಟು ದಿನ ಇರುತ್ತೆ?"

"ಅಳಿಸೋವರೆಗೂ."

ಮಗುವಿನ ಹಾಗೆ ಹಲ್ಲು ಬಿಟ್ಟರು. ಅಡುಗೆಮನೆಯಲ್ಲಿ ಟೀ ಸೋಸುತ್ತಾ ಅಕ್ಕ ಹೇಳಿದಳು: "ಅವರು ಇಷ್ಟು ಖುಷಿಯಾಗಿದ್ದು ನೋಡಿ ಯಾವ ಕಾಲ ಆಯ್ತೇ." ಲೋಟ ತೆಗೆದುಕೊಂಡು ಹೊರಗೆ ಬಂದೆ.

ಜೂನ್ 9, ಸೋಮವಾರ. ಮಧ್ಯಾಹ್ನ 1.30

ನಿನ್ನೆ ರೆಕಾರ್ಡ್ ಆದದ್ದನ್ನು ಪರದೆಯಲ್ಲಿ ದೊಡ್ಡದು ಮಾಡಿ ನೋಡಿದೆ. ಭಾವನ ಒಂದು ಪೆಟ್ಟೂ ತಾಳದ ಗೆರೆಯ ಮೇಲಿಲ್ಲ. ಒಂದು ಕೂದಲೆಳೆ ತಡ, ಇನ್ನೊಂದು ಕೂದಲೆಳೆ ಬೇಗ. ಕ್ವಾಂಟೈಜ್ ಎಂಬ ಬಟನ್ ಇದೆ, ಎಲ್ಲವನ್ನೂ ಡ್ರಿಲ್ ಮಕ್ಕಳ ಹಾಗೆ ಗೆರೆಗೆ ಎಳೆದು ನಿಲ್ಲಿಸುತ್ತದೆ. ಒತ್ತಿದೆ. ಹೊಲಿಗೆ ಯಂತ್ರ ವಾಪಸ್. ತಕ್ಷಣ ಅನ್‌ಡೂ. ಮಾಸ್ಟರ್ ಜೀವ ಅಂದದ್ದು ಆ ಕೂದಲೆಳೆಗೇ.

ಐದನೇ ಹಾಡಿನಲ್ಲಿ ಟಕ್-ಟಕ್ ಇದೆ. ನಿನ್ನೆ ಮನೆಯಲ್ಲಿ ರೇಡಿಯೋ ಇರಲೇ ಇಲ್ಲ, ಆದರೂ ಅಭ್ಯಾಸಬಲ. ಅಳಿಸಲು ಬೆರಳಿಟ್ಟೆ. ಅದಿಲ್ಲದಿದ್ದರೆ ಆಕೆ ವೇದಿಕೆಯಲ್ಲಿ ಬಾಯಿ ತೆರೆದುಕೊಂಡು ನಿಲ್ಲುತ್ತಾರೆ. ಇರಲಿ ಎಂದು ಬಿಟ್ಟೆ.

ಸಂಜೆ — ಒಬ್ಬರ ಕನ್ನಡಕಕ್ಕೆ ಎಡದ ಲೆನ್ಸ್ ಬಲಕ್ಕೆ ಕೂರಿಸಿದ್ದೆನಂತೆ. ಮೆಟ್ಟಿಲಲ್ಲಿ ಮುಗ್ಗರಿಸಿ ವಾಪಸ್ ಬಂದರು. ಬೈಸಿಕೊಂಡೆ. ಬೈದದ್ದು ಹಿತವಾಯಿತು.

ಜೂನ್ 14, ಶನಿವಾರ

ಶೋ ಇತ್ತು. ಮುಗಿದ ಮೇಲೆ ಭಾವ ಎಂದಿನಂತೆ ಡ್ರಮ್ಮುಗಳಿಗೆ ಬಟ್ಟೆ ಹೊದಿಸಿ, "ಬರೋ ವಾರ ಸ್ವಲ್ಪ ಬೇಗ ಬಾ" ಅಂದರು.

ಬರೆಯುವುದೇನೂ ಇಲ್ಲ.

ಜೂನ್ 17, ಮಂಗಳವಾರ. ಸಂಜೆ 6

ಮಾಸ್ಟರ್ ನಿನ್ನೆ ಹೇಳಿದರಂತೆ. ಭಾವ ಇವತ್ತು ಬಸ್ ಬಿಟ್ಟು ಸೀದಾ ಅಂಗಡಿಗೆ ಬಂದರು. ಕನ್ನಡಕದ ಸ್ಕ್ರೂ ಸಡಿಲ ಎಂಬ ನೆಪ. ಸಡಿಲವೇನೂ ಇರಲಿಲ್ಲ. ಆದರೂ ಬಿಗಿ ಮಾಡಿದೆ, ತಲೆ ಬಗ್ಗಿಸಿಕೊಂಡು.

"ನಿನ್ನ ಕೈಲಿ ಮಾಡಿಸ್ತಾರಂತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಕೈಯಲ್ಲಿದ್ದ ಸ್ಕ್ರೂಡ್ರೈವರ್ ಬಿದ್ದೇ ಹೋಯಿತು.

"ಬೇಜಾರು ಮಾಡ್ಕೋಬೇಡ ಕಣೇ. ನೀನು ಆಗಲ್ಲ ಅಂದಿದ್ರೆ ಬೇರೆ ಯಾರೋ ಮಾಡ್ತಿದ್ರು. ಮಿಷಿನ್ ತಾನೇ, ಅದು ಅದರ ಪಾಡಿಗೆ ಹೊಡ್ಕೊಳ್ಳುತ್ತೆ."

ನನ್ನನ್ನೇ ಸಮಾಧಾನ ಮಾಡಿ ಹೋದರು. ಆಗಲೇ ಹೇಳಿಬಿಡಬೇಕಿತ್ತು. ಬಾಯಿವರೆಗೂ ಬಂತು. ಗಿರಾಕಿ ಬಂದರು. ನಾನೆಂಥ ಹೇಡಿ.

ಜೂನ್ 22, ಭಾನುವಾರ. ಬೆಳಿಗ್ಗೆ 8

ನಿನ್ನೆ. ಟ್ಯಾಬ್ ಸ್ಟ್ಯಾಂಡಿನ ಮೇಲೆ, ಡ್ರಮ್ಸ್ ಇದ್ದಲ್ಲಿ ಎರಡು ಟೇಬಲ್. ಅದರಲ್ಲೊಂದಕ್ಕೆ ಭಾವ ಮತ್ತು ಅಕ್ಕ. ಬರುತ್ತಾರೆ ಎಂದು ನನಗೆ ಗೊತ್ತಿರಲಿಲ್ಲ. "ಒಂದ್ಸಲನಾದ್ರೂ ಗಿರಾಕಿ ಆಗಿ ಕೂತು ಕೇಳೋಣ ಅಂತ" — ನಗುತ್ತಲೇ ಅಂದರು.

ಮೊದಲ ನಾಲ್ಕು ಹಾಡು ತಲೆಯಾಡಿಸಿದರು. "ಪರವಾಗಿಲ್ವೇ" ಎಂದು ಅಕ್ಕನಿಗೆ ಹೇಳಿದ್ದು ತುಟಿಯಲ್ಲೇ ಓದಿದೆ. ಐದನೆಯದು. ಎರಡನೇ ಚರಣ ಮುಗಿಯಿತು. ರೇಡಿಯೋ ಮುಖದಲ್ಲಿ ಅದೇ ಕಕ್ಕಾಬಿಕ್ಕಿ. ಭಾವ ಅದನ್ನು ನೋಡಿದರು, ಚಮಚ ಎತ್ತಿ ಲೋಟದ ಅಂಚಿಗೆ ಟಕ್-ಟಕ್ ಅನ್ನಿಸಿದರು.

ಅದೇ ಗಳಿಗೆಗೆ ಸ್ಪೀಕರಿನಿಂದಲೂ ಟಕ್-ಟಕ್.

ಸ್ಪೀಕರ್ ನೋಡಿದರು. ಚಮಚ ನೋಡಿದರು. ಆಮೇಲೆ ನನ್ನನ್ನು. ನನ್ನ ಬೆರಳುಗಳು ಸುಮ್ಮನೆ ತಮ್ಮ ಪಾಡಿಗೆ ಓಡುತ್ತಿದ್ದವು. ಹಾಡು ಮುಗಿಯುವಷ್ಟರಲ್ಲಿ ಟೇಬಲ್ ಖಾಲಿ. ತಟ್ಟೆಯಲ್ಲಿ ಊಟ ಹಾಗೇ ಇತ್ತು.

ಮಾಸ್ಟರ್ ಬೆನ್ನು ತಟ್ಟಿದರು. "ಈಗ ಜೀವ ಬಂತು ನೋಡು." ಆ ಕೈ ಕಿತ್ತು ಎಸೆಯಬೇಕು ಅನ್ನಿಸಿತು.

ಜೂನ್ 26, ಗುರುವಾರ

ಭಾವ ಫೋನ್ ಎತ್ತುವುದಿಲ್ಲ. ಅಕ್ಕ ಎತ್ತಿದಳು.

"ಅವರು ಊಟಕ್ಕೆ ಕೂತ್ರೂ ಬೆರಳಲ್ಲಿ ತಟ್ಟೆ ಬಾರಿಸ್ತಿದ್ರು. ಈಗ ಮನೇಲಿ ಸದ್ದೇ ಇಲ್ಲ. ಅವತ್ತು ನಿನ್ನ ಟೀನೂ ನಾನೇ ಮಾಡ್ಕೊಟ್ನಲ್ಲೇ."

ಫೋನ್ ಇಟ್ಟುಬಿಟ್ಟಳು. ಮೂರು ಸಲ ಬೀದಿ ಕೊನೆವರೆಗೂ ಹೋಗಿ ಬಂದೆ.

ಜೂನ್ 29, ಭಾನುವಾರ. ಸಂಜೆ 4

ಬೆಲ್ಲು. ಭಾವ. ಕಂಕುಳಲ್ಲಿ ಅದೇ ರಬ್ಬರ್ ಪ್ಯಾಡ್, ರಿಪೇರಿಯವರ ಹತ್ತಿರ ತಾವೇ ಹೋಗಿ ಕೇಳಿ ತಂದಿದ್ದಾರೆ. ಚಪ್ಪಲಿ ಬಿಟ್ಟು ಒಳಗೆ ಬಂದು, ಕೂರದೆ ಕೇಳಿದರು.

"ಅವತ್ತು ನಂಗೆ ಬಾ ಅಂದಾಗ್ಲೇ ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಭಾವ."

ಪ್ಯಾಡ್ ಕೆಳಗಿಟ್ಟರು. ಎಲ್ಲ ಅಳಿಸಿಬಿಡುತ್ತೇನೆ ಅಂದೆ. ಅಳು ಬಂತು, ತಡೆಯಲಿಲ್ಲ.

"ಅಳಿಸಿದ್ರೆ ನಾಲ್ಕೂ ಜನ ಮನೇಗೆ. ರೇಡಿಯೋ ಹಾಡದೆ ಬದುಕ್ತಾರಾ? ಐದನೇ ಹಾಡಲ್ಲಿ, ಎರಡನೇ ಚರಣದ ಹತ್ರ ನನ್ನ ಕೈ ಜಾರಿದೆ. ಕೇಳಿಸ್ಕೊಂಡ್ಯಾ? ತಪ್ಪು ಒಂದ್ಸಲ ಆದ್ರೆ ತಪ್ಪು. ವಾರವಾರ ಅದೇ ಕೇಳಿದ್ರೆ, ಇವನು ಹೊಡೆಯೋದೇ ಹೀಗೆ ಅಂತಾರೆ. ಅದೊಂದು ಹಾಡು ಅಳಿಸು. ವೈರ್ ಹಾಕು."

ಹಳೆಯದನ್ನು ಅವರ ಎದುರೇ ಅಳಿಸಿದೆ. ರೆಕಾರ್ಡ್ ಒತ್ತಿದೆ. ಒಂದೇ ಸಲಕ್ಕೆ ಬಾರಿಸಿದರು. ಹಲ್ಲು ಬಿಡಲಿಲ್ಲ, ಮಾತಾಡಲಿಲ್ಲ. ಅಷ್ಟು ಚೆನ್ನಾಗಿ ಅವರು ಬಾರಿಸಿದ್ದನ್ನು ನಾನು ಕೇಳಿಯೇ ಇಲ್ಲ. ಎರಡನೇ ಚರಣ ದಾಟಿತು. ಮೂರನೆಯದಕ್ಕೆ ಮುಂಚೆ... ಏನೂ ಇಲ್ಲ.

"ಭಾವ, ಟಕ್-ಟಕ್ ಬಿಟ್ಟುಹೋಯ್ತು."

"ಬಿಟ್ಟುಹೋಗಿಲ್ಲ, ಬಿಟ್ಟೆ." ಕೋಲುಗಳನ್ನು ಜೇಬಿಗಿಟ್ಟರು. "ಅದು ತಾಳ ಅಲ್ಲ ಕಣೇ. ಅವರ ಮುಖ ನೋಡಿ ಹೊಡೀತಿದ್ದೆ. ನೋಡೋನು ಅಲ್ಲಿರಬೇಕು."

ಟೀ ಬೇಡ ಅಂದರು.

ಜುಲೈ 5, ಶನಿವಾರ. ಸಂಜೆ 5.40

ಹೋಟೆಲಿನ ಸ್ಟೋರ್ ರೂಮು. ಇನ್ನು ಇಪ್ಪತ್ತು ನಿಮಿಷ. ಮಡಿಸಿಟ್ಟ ಕುರ್ಚಿಗಳ ನಡುವೆ ನಿಂತೇ ಬರೆಯುತ್ತಿದ್ದೇನೆ.

ಟ್ಯಾಬ್ ಎರಡು ಸಲ ಪರೀಕ್ಷಿಸಿದೆ. ಹೊಸದೇ ಇದೆ, ಹಳೆಯದು ಎಲ್ಲೂ ಇಲ್ಲ. ಮಾಸ್ಟರ್ ತಂತಿ ಶ್ರುತಿ ಮಾಡುತ್ತಿದ್ದಾರೆ. ರೇಡಿಯೋ ಕನ್ನಡಿ ಮುಂದೆ ಲಿಪ್‌ಸ್ಟಿಕ್ ಹಚ್ಚಿಕೊಳ್ಳುತ್ತಾ ಪಟಪಟ ಮಾತು. ಹತ್ತಿರ ಹೋಗಿ ಹೇಳಿದೆ: ಐದನೇ ಹಾಡು, ಮೂರನೇ ಚರಣಕ್ಕೆ ಮುಂಚೆ ನನ್ನ ಕಡೆ ನೋಡಿ. ನಾನು ತಲೆಯಾಡಿಸ್ತೀನಿ.

"ಯಾಕಮ್ಮ? ಅವರು ಟಕ್-ಟಕ್ ಅಂತಾರಲ್ಲ, ಹೋದ ಎರಡು ವಾರನೂ ಅಂದ್ರಲ್ಲ."

ಇನ್ನು ಅನ್ನಲ್ಲ ಅಂದೆ.

ಲಿಪ್‌ಸ್ಟಿಕ್ ಕೆಳಗಿಟ್ಟು, ಕನ್ನಡಿಯೊಳಗಿಂದಲೇ ನನ್ನ ಮುಖ ನೋಡಿದರು. ಮೊದಲ ಸಲ ಆಕೆಯ ಮಾತು ನಿಂತಿತು.

"ಯಾಕೆ?"

ಯಾಕೆ ಅಂದರೆ — ನಿಮ್ಮ ಮುಖ ನೋಡುತ್ತಿದ್ದವರು ಈಗ ಅಲ್ಲಿಲ್ಲ, ಅಂದೆ.